ಗಲ್ಲಾ ಮುಚ್ಚುವ ಹೊತ್ತು: ‘ಇನ್ನೂ ಸರಿಯಾಗಿಲ್ಲ’ ಅನ್ನುವ ಕಾಟದಿಂದ ಹೊರಬರುವ ಬಗೆ

ನನ್ನ ಅಪ್ಪ ಮುಂಬೈಯ ಮಾಟುಂಗಾದ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಮೂವತ್ತು ವರ್ಷ ಕೂತವರು. ರಾತ್ರಿ ಶಟರ್ ಅರ್ಧ ಇಳಿಸಿದ ಮೇಲೆ ನೋಟು ವಿಂಗಡಿಸಿ, ಚಿಲ್ಲರೆಯನ್ನು ಹತ್ತು ಹತ್ತರ ಗುಪ್ಪೆ ಮಾಡಿ, ಬಿಲ್ಲುಗಳ ಮೊತ್ತದ ಜೊತೆ ತಾಳೆ ನೋಡುತ್ತಿದ್ದರು. ಎಷ್ಟೋ ರಾತ್ರಿ ತಾಳೆಯಾಗುತ್ತಿರಲಿಲ್ಲ. ಹನ್ನೆರಡು ರೂಪಾಯಿ ಕಮ್ಮಿ. ಇನ್ನೊಂದು ಸಲ ಎಣಿಸುತ್ತಿದ್ದರು. ಆಗಲೂ ಕಮ್ಮಿ ಬಂದರೆ ಕಿರ್ದಿ ಪುಸ್ತಕದಲ್ಲಿ ‘ಕಮ್ಮಿ 12’ ಅಂತ ಬರೆದು, ಕೆಳಗೆ ಶಿಲ್ಕು, ಅಂದರೆ ಕೈಯಲ್ಲಿ ಉಳಿದ ದುಡ್ಡು, ಬರೆದು, ಗೆರೆ ಎಳೆದು ಪುಸ್ತಕ ಮುಚ್ಚಿಬಿಡುತ್ತಿದ್ದರು. ಎರಡು ಸಲ ಎಣಿಸುವುದು, ಮೂರನೇ ಸಲ ಇಲ್ಲ. ಶಾಲೆಗೆ ರಜೆ ಇದ್ದಾಗ ನಾನು ಪಕ್ಕದ ಸ್ಟೂಲಿನಲ್ಲಿ ಕೂತು ನೋಡುತ್ತಿದ್ದೆ. ಯಾಕೆ ಮತ್ತೆ ಎಣಿಸಲ್ಲ ಅಂತ ಕೇಳಿದ್ದಕ್ಕೆ ಹೇಳಿದ್ದರು: “ಲೆಕ್ಕ ಮುಚ್ಚಬೇಕು ಮಗಾ. ಇವತ್ತಿನದ್ದು ಮುಚ್ಚದಿದ್ದರೆ ನಾಳೆಯ ಬೋಣಿ ಯಾವ ಪುಟದಲ್ಲಿ ಬರೆಯುವುದು?”

ಆ ಮಾತು ನನಗೆ ತಿಳಿಯಲು ತುಂಬಾ ವರ್ಷ ಬೇಕಾಯ್ತು.

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ಎಂಟು ಹತ್ತು ಕನ್ನಡದ ಮನೆಗಳಿವೆ. ಮಕ್ಕಳು ಮನೆಯಲ್ಲಿ ಕನ್ನಡವೋ ತುಳುವೋ ಮಾತಾಡುತ್ತಾರೆ, ಆದರೆ ಓದಲು ಬರೆಯಲು ಬರುವುದಿಲ್ಲ. ಭಾನುವಾರ ಒಂದು ಗಂಟೆ ಅವರಿಗೆ ಕನ್ನಡ ಹೇಳಿಕೊಡಬೇಕು ಅಂತ ನನಗೆ ಆಸೆ. ಪಕ್ಕದ ಮನೆಯ ಹುಡುಗಿ, ಆಗ ಮೂರನೇ ಕ್ಲಾಸು, “ಆಂಟಿ, ಊರಲ್ಲಿರೋ ಅಜ್ಜಿಗೆ ಕಾಗದ ಬರೀಬೇಕು, ಯಾವಾಗ ಶುರು ಮಾಡ್ತೀರಿ?” ಅಂತ ಕೇಳಿದ್ದಳು. ನಾನು ಶುರು ಮಾಡಲಿಲ್ಲ. ಒಳ್ಳೆಯ ಪುಸ್ತಕ ಸಿಗಲಿ, ಬೋರ್ಡ್ ಬರಲಿ, ಹತ್ತು ಮಕ್ಕಳಾದರೂ ಸೇರಲಿ, ನನ್ನ ಅಕ್ಷರ ಇನ್ನೂ ಸ್ವಲ್ಪ ದುಂಡಗಾಗಲಿ ಅಂತ ಕಾಯುತ್ತಾ, ಪಾಠದ ಪಟ್ಟಿ ಬರೆದು ಅಳಿಸಿ ಮತ್ತೆ ಬರೆಯುತ್ತಾ ಮೂರು ವರ್ಷ ಕಳೆದೆ. ಕೊನೆಗೆ ಎರಡೇ ಮಕ್ಕಳನ್ನು ನಮ್ಮ ಹಾಲ್‌ನಲ್ಲಿ ಚಾಪೆ ಹಾಸಿ ಕೂರಿಸಿಕೊಂಡು ಶುರು ಮಾಡಿದಾಗ ಆ ಹುಡುಗಿ ಆರನೇ ಕ್ಲಾಸಿಗೆ ಬಂದಿದ್ದಳು. ಭಾನುವಾರ ಬೆಳಿಗ್ಗೆ ಗಣಿತದ ಟ್ಯೂಷನ್. ಅವಳು ಬರಲೇ ಇಲ್ಲ. ನೆನೆದರೆ ಈಗಲೂ ನೋವಾಗುತ್ತದೆ. ನಾನು ಎಷ್ಟೇ ಕೆಟ್ಟದಾಗಿ ಕಲಿಸಿದ್ದರೂ ಅಜ್ಜಿಗೆ ನಾಲ್ಕು ಸಾಲು ಬರೆಯುವಷ್ಟು ಅವಳು ಕಲಿಯುತ್ತಿದ್ದಳು.

ನಿಮ್ಮಲ್ಲೂ ಹೀಗೆ ಶುರುವಾಗದೆ ನಿಂತ ಕೆಲಸ, ಮುಗಿದರೂ ಕೈಬಿಡಲಾಗದ ಕೆಲಸ, ಮುಗಿಸಿದ್ದರೂ ‘ಇದೇನು ಮಹಾ’ ಅಂತ ಬದಿಗೆ ಸರಿಸಿದ ಕೆಲಸ ಇರಬಹುದು. ಮುಂದಿನದ್ದು ನಾನು ಮಾಡಿ ನೋಡಿದ ದಾರಿ. ಒಂದೇ ದಿನ ಎಲ್ಲವನ್ನೂ ಹಿಡಿಯಬೇಡಿ. ವಾರಕ್ಕೊಂದು ಹೆಜ್ಜೆ ಸಾಕು.

ಮೊದಲು: ಇದು ಪ್ರೀತಿಯಾ, ಭಯವಾ?

ಕೆಲಸ ಅಚ್ಚುಕಟ್ಟಾಗಿರಬೇಕು ಅನ್ನುವುದು ಒಳ್ಳೆಯ ಗುಣ. ಅದನ್ನು ಬಿಡಿ ಅಂತ ನಾನು ಯಾವತ್ತೂ ಹೇಳುವುದಿಲ್ಲ. ಇಡ್ಲಿ ಮೆತ್ತಗಿರಲಿ ಅಂತ ಹಿಟ್ಟನ್ನು ಹದ ನೋಡಿ ರುಬ್ಬುವವರಿಗೆ ಆ ಕೆಲಸದ ಮೇಲೆ ಪ್ರೀತಿ ಇರುತ್ತದೆ. ಆದರೆ ಇಡ್ಲಿ ಗಟ್ಟಿಯಾದರೆ ನಾದಿನಿ ಏನಂದುಕೊಳ್ಳುತ್ತಾಳೋ ಅಂತ ರಾತ್ರಿ ನಿದ್ದೆಗೆಡುವುದು ಭಯ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ.

ಕೆನಡಾದ ಮನಶ್ಶಾಸ್ತ್ರಜ್ಞರಾದ ಪಾಲ್ ಹೆವಿಟ್ ಮತ್ತು ಗಾರ್ಡನ್ ಫ್ಲೆಟ್ 1991ರಲ್ಲಿ, ಎಲ್ಲವೂ ತಪ್ಪಿಲ್ಲದೆ ಇರಬೇಕು ಅನ್ನುವ ಈ ಸ್ವಭಾವವನ್ನು (ಪರ್ಫೆಕ್ಷನಿಸಂ) ಮೂರು ಬಗೆಯಾಗಿ ಬಿಡಿಸಿ ತೋರಿಸಿದರು. ನಾನು ತಪ್ಪು ಮಾಡಲೇಬಾರದು ಅಂತ ನಮಗೆ ನಾವೇ ಹೇರಿಕೊಳ್ಳುವುದು ಒಂದು. ಬೇರೆಯವರೂ ತಪ್ಪು ಮಾಡಬಾರದು ಅಂತ ಅವರ ಮೇಲೆ ಹೇರುವುದು ಇನ್ನೊಂದು. ಮೂರನೆಯದು, ನಾನು ತಪ್ಪೇ ಮಾಡದೆ ಇದ್ದರೆ ಮಾತ್ರ ಜನ ನನ್ನನ್ನು ಒಪ್ಪುತ್ತಾರೆ ಅಂತ ನಂಬುವುದು. ನಮ್ಮಂಥ ಊರು ಬಿಟ್ಟು ಬಂದವರಲ್ಲಿ ಈ ಮೂರನೆಯದು ಜಾಸ್ತಿ ಅಂತ ನನ್ನ ಅನಿಸಿಕೆ. ಊರಿಗೆ ಹೋದರೆ ಮುಂಬೈಯವರು ಅಂತ ನೋಡುತ್ತಾರೆ, ಇಲ್ಲಿ ಹೊರಗಿನವರು ಅಂತ ನೋಡುತ್ತಾರೆ. ಎರಡೂ ಕಡೆ ಪರೀಕ್ಷೆ ಬರೆಯುತ್ತಿರುವ ಹಾಗೆ ಬದುಕುತ್ತೇವೆ, ಅಲ್ವಾ?

ಒಂದು ವಾರ ಸಣ್ಣ ಪುಸ್ತಕ ಜೊತೆಗಿಟ್ಟುಕೊಳ್ಳಿ. ಯಾವುದೋ ಕೆಲಸವನ್ನು ಮುಂದೂಡಿದಾಗ, ಅಥವಾ ನಾಲ್ಕನೇ ಸಲ ತಿದ್ದಲು ಕೂತಾಗ, ಎರಡು ಸಂಗತಿ ಬರೆಯಿರಿ. ಯಾವ ಕೆಲಸ? ಆಗ ಯಾರ ಮುಖ ಕಣ್ಣ ಮುಂದೆ ಬಂತು? ಇಷ್ಟೇ. ವಾರದ ಕೊನೆಗೆ ಅದೇ ಎರಡು ಮೂರು ಮುಖಗಳು ಮತ್ತೆ ಮತ್ತೆ ಬಂದಿರುತ್ತವೆ. ನನ್ನ ಪುಸ್ತಕದಲ್ಲಿ ಹೈಸ್ಕೂಲಿನ ಒಬ್ಬ ಮೇಷ್ಟ್ರ ಮುಖ ಹನ್ನೊಂದು ಸಲ ಬಂದಿತ್ತು. ಅವರನ್ನು ನಾನು ನೋಡಿ ಮೂವತ್ತು ವರ್ಷಗಳ ಮೇಲಾಗಿದೆ.

ಇನ್ನೂ ಗೊತ್ತಾಗದಿದ್ದರೆ ಈ ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಯಾರೂ ನೋಡುವುದಿಲ್ಲ ಅಂತಾದರೂ ನಾನು ಇಷ್ಟು ಸಲ ತಿದ್ದುತ್ತಿದ್ದೆನಾ?

ಎಲ್ಲಿ ಒಂದಿಂಚೂ ಬಿಡಬಾರದು ಅಂತ ಬೇರೆ ಮಾಡಿ

‘ಎಲ್ಲವನ್ನೂ ಹಗುರವಾಗಿ ತಗೊಳ್ಳಿ’ ಅನ್ನುವ ಸಲಹೆ ನನಗೆ ಇಷ್ಟವಿಲ್ಲ. ಎಲ್ಲವೂ ಹಗುರ ಅಲ್ಲ. ಅಮ್ಮನ ಬಿಪಿ ಮಾತ್ರೆಯ ಲೆಕ್ಕ, ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್, ಮನೆಯ ವೈರಿಂಗ್, ತೆರಿಗೆಯ ಕಾಗದ, ಆಸ್ತಿ ಪತ್ರದಲ್ಲಿನ ಹೆಸರು. ಇಲ್ಲೆಲ್ಲ ಎರಡಲ್ಲ, ಮೂರು ಸಲ ನೋಡಿ. ನಾನು ಕುರ್ಲಾದ ಒಂದು ಆಫೀಸಿನಲ್ಲಿ ಲೆಕ್ಕಪತ್ರ ನೋಡುತ್ತೇನೆ. ಅಲ್ಲಿ ಒಂದು ಸೊನ್ನೆ ಆಚೀಚೆ ಆದರೂ ತೊಂದರೆಯೇ.

ಕಾಗದದ ನಡುವೆ ಗೆರೆ ಎಳೆಯಿರಿ. ತಪ್ಪಿದರೆ ಯಾರಿಗಾದರೂ ಪೆಟ್ಟಾಗುವ, ದುಡ್ಡು ಹೋಗುವ, ಅಥವಾ ಮತ್ತೆ ಸರಿಪಡಿಸಲಾಗದ ಕೆಲಸಗಳು ಎಡಗಡೆ. ಉಳಿದದ್ದೆಲ್ಲ ಬಲಗಡೆ. ಎಡಗಡೆ ಏಳೆಂಟು ಸಾಲು ಬರಬಹುದು, ಬಲಗಡೆ ಪುಟ ಸಾಲುವುದಿಲ್ಲ. ಆಫೀಸಿನ ಮೇಲ್‌ನ ಒಕ್ಕಣೆ, ನೆಂಟರು ಬರುವ ದಿನದ ಅಡುಗೆ, ಮಗುವಿನ ಪ್ರಾಜೆಕ್ಟಿನ ಚಾರ್ಟು, ಸೊಸೈಟಿ ಗಣಪತಿಯ ಮಂಟಪ, ವಾಟ್ಸಾಪ್‌ನಲ್ಲಿ ಹಾಕುವ ನಾಲ್ಕು ಸಾಲಿನ ಶುಭಾಶಯ, ಎಲ್ಲವೂ ಬಲಗಡೆಯವೇ. ನಮ್ಮ ಶಕ್ತಿಯೆಲ್ಲ ಬಲಗಡೆ ಸುರಿದು, ಎಡಗಡೆಯದಕ್ಕೆ ಬರುವ ಹೊತ್ತಿಗೆ ಸುಸ್ತಾಗಿರುತ್ತೇವೆ.

ಇಲ್ಲಿಂದ ಮುಂದೆ ಹೇಳುವುದೆಲ್ಲ ಬಲಗಡೆಯ ಕೆಲಸಗಳಿಗೆ ಮಾತ್ರ.

ಕೂರುವ ಮೊದಲೇ ಏಳುವ ಜಾಗ ಗೊತ್ತಿರಲಿ

ಲೋಕಲ್ ಟ್ರೇನಿನಲ್ಲಿ ಓಡಾಡುವವರಿಗೆ ನಾಲ್ಕನೇ ಸೀಟು ಗೊತ್ತು. ಮೂವರು ಕೂರುವ ಬೆಂಚು. ನಾಲ್ಕನೆಯವರು ಬಂದು “ಥೋಡಾ ಸರಕೋ” ಅಂದರೆ ಮೂವರೂ ಒಂದಿಷ್ಟು ಒತ್ತಿಕೊಂಡು ಜಾಗ ಕೊಡುತ್ತಾರೆ. ಅರ್ಧ ಮೈ ಬೆಂಚಿನ ಮೇಲೆ, ಅರ್ಧ ಹೊರಗೆ, ಒಂದು ಕಾಲು ದಾರಿಯಲ್ಲಿ. ಆದರೂ ಠಾಣೆಯಿಂದ ಡೊಂಬಿವಲಿ ತನಕ ಆ ಅರ್ಧ ಸೀಟು ಕೊಡುವ ಸುಖ ಎಷ್ಟು ದೊಡ್ಡದು ಅಂತ ನಿಂತು ಬಂದವರನ್ನು ಕೇಳಬೇಕು. ಕಿಟಕಿ ಪಕ್ಕದ ಸೀಟು ಸಿಕ್ಕಿದರೆ ಮಾತ್ರ ಕೂರುತ್ತೇನೆ ಅಂತ ಯಾರೂ ನಿಂತುಕೊಂಡು ಬರುವುದಿಲ್ಲ. ಮನೆಗೆ ಬಂದ ಮೇಲೆ ಮಾತ್ರ ನಮಗೆ ಎಲ್ಲದರಲ್ಲೂ ಕಿಟಕಿ ಸೀಟೇ ಬೇಕು.

ಅಮೆರಿಕದ ಹರ್ಬರ್ಟ್ ಸೈಮನ್ ಅನ್ನುವವರು, 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು, ಇದನ್ನೇ 1956ರಲ್ಲಿ ವಿವರಿಸಿದ್ದರು. ಮನುಷ್ಯನ ಹತ್ತಿರ ಇರುವ ಸಮಯ, ಮಾಹಿತಿ, ಬುದ್ಧಿ ಎಲ್ಲವೂ ಇಷ್ಟೇ ಅಂತ ಮಿತಿ ಇರುವಾಗ, ಇರುವುದರಲ್ಲೆಲ್ಲ ಅತ್ಯುತ್ತಮವಾದದ್ದನ್ನು ಹುಡುಕುತ್ತಾ ಕೂರಲು ಆಗುವುದಿಲ್ಲ. ಇಷ್ಟಿದ್ದರೆ ಸಾಕು ಅಂತ ಒಂದು ಮಟ್ಟ ಇಟ್ಟುಕೊಂಡು, ಆ ಮಟ್ಟ ಮುಟ್ಟಿದ್ದನ್ನು ಆರಿಸಿಕೊಂಡು ಮುಂದೆ ಹೋಗುತ್ತಾನೆ.

ಹಾಗಾಗಿ ಕೆಲಸಕ್ಕೆ ಕೂರುವ ಮೊದಲು, ಪೆನ್ನಿನಲ್ಲಿ, ಒಂದು ಸಾಲು ಬರೆಯಿರಿ: ‘ಏನಾದರೆ ಇದು ಮುಗಿದ ಹಾಗೆ?’ ನೆಂಟರು ಬರುವ ದಿನ ನಾನು ಬರೆಯುವುದು ಹೀಗೆ: ಹಾಲ್ ಗುಡಿಸಿ ಒರೆಸುವುದು, ಬಾತ್‌ರೂಮ್ ತೊಳೆಯುವುದು, ಒಂದು ಸಾರು, ಒಂದು ಪಲ್ಯ, ಹಪ್ಪಳ. ಹನ್ನೊಂದು ಗಂಟೆಗೆ ಕೈ ಬಿಡುವುದು. ಕಪಾಟಿನ ಒಳಗಿನ ಧೂಳು ಈ ಸಾಲಿನಲ್ಲಿ ಇಲ್ಲ. ಹತ್ತೂ ಮುಕ್ಕಾಲಿಗೆ ಅದು ಕಣ್ಣಿಗೆ ಬಿದ್ದೇ ಬೀಳುತ್ತದೆ. ಆಗ ಚೀಟಿ ನೋಡಬೇಕು. ಚೀಟಿಯಲ್ಲಿ ಇಲ್ಲದ್ದನ್ನು ಇವತ್ತು ಮುಟ್ಟುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಸಾಲು ಬರೆಯುವುದು ಕೆಲಸದ ಮೊದಲೇ ಆಗಬೇಕು. ನಡುವೆ ನಿಂತು ‘ಸಾಕಾ?’ ಅಂತ ಕೇಳಿದರೆ ಉತ್ತರ ಯಾವಾಗಲೂ ‘ಸಾಲದು’ ಅಂತಲೇ ಬರುತ್ತದೆ. ಜೊತೆಗೆ ಅಪ್ಪನ ಲೆಕ್ಕ ನೆನಪಿರಲಿ, ಎರಡು ಸಲ ಎಣಿಸುವುದು, ಮೂರನೇ ಸಲ ಇಲ್ಲ. ಮೇಲ್ ಬರೆದಿರಾ, ಎರಡು ಸಲ ಓದಿ, ಕಳಿಸಿ.

ಕೆಲಸವನ್ನು ತುಂಡು ಮಾಡಿ

ಇದು ಎಲ್ಲರಿಗೂ ಗೊತ್ತಿರುವ ಮಾತು, ಹೆಚ್ಚು ಹೇಳುವುದಿಲ್ಲ. ‘ಕಪಾಟು ಜೋಡಿಸಬೇಕು’ ಅಂತ ಬರೆದರೆ ಆ ಕೆಲಸ ಶುರುವಾಗುವುದಿಲ್ಲ. ‘ಮೇಲಿನ ಒಂದು ಖಾನೆ’ ಅಂತ ಬರೆದರೆ ಆಗುತ್ತದೆ. ತುಂಡು ಎಷ್ಟು ಚಿಕ್ಕದಿರಬೇಕು ಅಂದರೆ, ಸುಸ್ತಾಗಿ ಬಂದ ದಿನವೂ ಚಪ್ಪಲಿ ಬಿಟ್ಟು ಹದಿನೈದು ನಿಮಿಷದಲ್ಲಿ ಮುಗಿಸುವಂತಿರಬೇಕು. ಮುಂಬೈಯ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದವರು ಹಗಲೆಲ್ಲ ಹೋಟೆಲಿನಲ್ಲಿ ಟೇಬಲ್ ಒರೆಸಿ, ಲೋಟ ತೊಳೆದು, ರಾತ್ರಿ ಒಂದೆರಡು ಗಂಟೆ ಬೆಂಚಿನ ಮೇಲೆ ಕೂತವರು. ನನ್ನ ಅಪ್ಪನೂ ಅಲ್ಲಿ ಓದಿದವರೇ. ಬಿಡುವು ಸಿಗಲಿ, ಆಮೇಲೆ ಓದುತ್ತೇನೆ ಅಂತ ಕೂತಿದ್ದರೆ ಅವರು ಗಲ್ಲಾಕ್ಕೆ ಬರುತ್ತಲೇ ಇರಲಿಲ್ಲ.

ಬೇಕೆಂದೇ ಒಂದು ತಪ್ಪನ್ನು ಹಾಗೇ ಬಿಡಿ

ಇದು ಕಷ್ಟದ ಹೆಜ್ಜೆ, ನನಗೆ ಎಲ್ಲಕ್ಕಿಂತ ಜಾಸ್ತಿ ಸಹಾಯ ಮಾಡಿದ ಹೆಜ್ಜೆಯೂ ಇದೇ.

ನಮ್ಮ ಭಾನುವಾರದ ಕ್ಲಾಸಿಗೆ ಬರುವ ಒಬ್ಬ ಹುಡುಗ ಪೆನ್ಸಿಲಿನಲ್ಲಿ ‘ಞ’ ಬರೆಯುತ್ತಿದ್ದ. ಬರೆದ, ನೋಡಿದ, ರಬ್ಬರಿನಿಂದ ಉಜ್ಜಿದ. ಮತ್ತೆ ಬರೆದ. ಕೆಳಗಿನ ಸುತ್ತು ಸರಿ ಬರಲಿಲ್ಲ ಅಂತ ಮತ್ತೆ ಉಜ್ಜಿದ. ಕಾಗದ ಮೊದಲು ಬೂದು ಬಣ್ಣಕ್ಕೆ ತಿರುಗಿತು, ಆಮೇಲೆ ಎಳೆ ಎಳೆಯಾಗಿ ಎದ್ದಿತು, ಐದನೇ ಸಲಕ್ಕೆ ಹರಿದು ಅದರೊಳಗಿಂದ ಚಾಪೆ ಕಾಣಿಸಿತು. ಅವನ ಕಣ್ಣು ತುಂಬಿ ಬಂತು. ಉಳಿದ ಮಕ್ಕಳು ಒಂದು ಸಾಲು ಮುಗಿಸಿದ್ದರು, ಇವನ ಪುಟದಲ್ಲಿ ಒಂದೇ ಒಂದು ಅಕ್ಷರವೂ ಉಳಿದಿರಲಿಲ್ಲ.

ಮುಂದಿನ ವಾರದಿಂದ ರಬ್ಬರು ಮನೆಯಲ್ಲಿ ಬಿಟ್ಟು ಬರಬೇಕು, ಎಲ್ಲರೂ ಬಾಲ್ ಪೆನ್ನಿನಲ್ಲೇ ಬರೆಯಬೇಕು ಅಂತ ಮಾಡಿದೆ. ತಪ್ಪಾದರೆ ಮೇಲೆ ಒಂದು ಗೆರೆ, ಪಕ್ಕದಲ್ಲಿ ಮತ್ತೆ ಬರೆಯುವುದು. ಮೊದಲ ಎರಡು ವಾರ ಅವನು ಪೆನ್ನನ್ನು ಕಾಗದಕ್ಕೆ ತಾಗಿಸಲೇ ಹೆದರಿದ. ಎರಡು ತಿಂಗಳ ಮೇಲೆ ಪುಸ್ತಕ ತಿರುಗಿಸಿ, ಗೆರೆ ಎಳೆದ ಆರು ‘ಞ’ಗಳನ್ನೂ ಕೊನೆಯದನ್ನೂ ಅಮ್ಮನಿಗೆ ತೋರಿಸುತ್ತಿದ್ದ. ಉಜ್ಜಿದ್ದರೆ ಅವನಿಗೆ ತೋರಿಸಲು ಕೊನೆಯದೊಂದೇ ಇರುತ್ತಿತ್ತು. ತಾನು ಎಲ್ಲಿಂದ ಎಲ್ಲಿಗೆ ಬಂದೆ ಅನ್ನುವುದು ಕಾಣುತ್ತಲೇ ಇರಲಿಲ್ಲ.

ದೊಡ್ಡವರು ಮಾಡುವುದು ಹೀಗೆ. ಮನೋಚಿಕಿತ್ಸೆಯಲ್ಲೂ ಇಂಥ ಪ್ರಯೋಗ ಮಾಡಿಸುತ್ತಾರೆ. ಒಂದು ಸಣ್ಣ ತಪ್ಪನ್ನು ಆರಿಸಿಕೊಳ್ಳಿ, ಬಲಗಡೆಯ ಪಟ್ಟಿಯಿಂದ. ಮಾಡುವ ಮೊದಲು ‘ಏನಾಗುತ್ತದೆ ಅಂತ ನನಗೆ ಭಯ’ ಅನ್ನುವುದನ್ನು ಬರೆದಿಡಿ, ಹೇಗನಿಸುತ್ತದೆ ಅಂತ ಅಲ್ಲ, ಏನಾಗುತ್ತದೆ ಅಂತ. ಆಮೇಲೆ ಮಾಡಿ. ಎರಡು ದಿನ ಬಿಟ್ಟು ನಿಜವಾಗಿ ಏನಾಯ್ತು ಅಂತ ಅದರ ಕೆಳಗೇ ಬರೆಯಿರಿ.

ನನ್ನ ಮೊದಲ ಪ್ರಯೋಗ ಮರಾಠಿಯದ್ದು. ಇಷ್ಟು ವರ್ಷ ಇಲ್ಲಿದ್ದರೂ ನಾನು ಮರಾಠಿ ಮಾತಾಡುತ್ತಿರಲಿಲ್ಲ, ಹಿಂದಿಯಲ್ಲೇ ಮುಗಿಸುತ್ತಿದ್ದೆ. ನಮ್ಮ ಭಾಷೆಯಲ್ಲಿ ಕೊತ್ತಂಬರಿ ಸೊಪ್ಪಿಗೆ ಗಂಡು ಹೆಣ್ಣು ಇಲ್ಲ, ಮರಾಠಿಯಲ್ಲಿ ಇದೆ. ಅಲ್ಲೇ ತಪ್ಪುತ್ತೇನೆ ಅಂತ ಭಯ. ಚೀಟಿಯಲ್ಲಿ ‘ತರಕಾರಿಯವಳು ನಗುತ್ತಾಳೆ, ಹಿಂದೆ ನಿಂತವರೂ ನಗುತ್ತಾರೆ, ಇನ್ನು ಆ ಅಂಗಡಿಗೆ ಹೋಗಲಾಗುವುದಿಲ್ಲ’ ಅಂತ ಬರೆದೆ. ಸಂಜೆ ಸ್ಟೇಷನ್ ಹೊರಗೆ ನಿಂತು “ಕೋಥಿಂಬೀರ್ ಕಸಾ ದಿಲಾ?” ಅಂತ, ಕೊತ್ತಂಬರಿಯನ್ನು ಗಂಡು ಮಾಡಿ, ರೇಟು ಕೇಳಿದೆ. ಆಕೆ ತಲೆ ಎತ್ತದೆ “ಕಶೀ ದಿಲೀ” ಅಂತ ತಿದ್ದಿ, ರೇಟು ಹೇಳಿ, ಎರಡು ಹಸಿಮೆಣಸು ಸೇರಿಸಿ ಚೀಲಕ್ಕೆ ಹಾಕಿದರು. ಅಷ್ಟೇ. ಚೀಟಿಯ ಕೆಳಗೆ ಬರೆದೆ: ‘ಯಾರೂ ನಗಲಿಲ್ಲ. ಒಂದು ಪದ ಕಲಿತೆ.’ ಈಗ ಅವರ ಮಗನ ಹತ್ತನೇ ಕ್ಲಾಸಿನ ಸುದ್ದಿಯವರೆಗೂ ನಾವು ಮಾತಾಡುತ್ತೇವೆ. ನನ್ನ ವ್ಯಾಕರಣ ಈಗಲೂ ತಪ್ಪುತ್ತದೆ.

ನಮ್ಮ ಮಕ್ಕಳು ಅಜ್ಜಿಯ ಜೊತೆ ಫೋನಿನಲ್ಲಿ ಕನ್ನಡ ಮಾತಾಡದಿರುವುದಕ್ಕೂ ಇದೇ ಕಾರಣ. ತಪ್ಪಾದರೆ ಮಾವ ಚಿಕ್ಕಪ್ಪಂದಿರು ತಮಾಷೆ ಮಾಡುತ್ತಾರೆ. ದಯವಿಟ್ಟು ಆ ತಮಾಷೆ ನಿಲ್ಲಿಸಿ. ‘ಅಜ್ಜಿ ಬಂದ್ಲಾ’ ಅಂದರೆ ಅಜ್ಜಿಗೆ ಬೇಜಾರಿಲ್ಲ. ಮಗು ಮಾತೇ ಆಡದಿದ್ದರೆ ಬೇಜಾರು.

ರಾತ್ರಿ ಗಲ್ಲಾ ಮುಚ್ಚಿ

ಇಲ್ಲಿಯವರೆಗೆ ಹೇಳಿದ್ದು ಕೈ ಬಿಡುವುದರ ಬಗ್ಗೆ. ಬಿಟ್ಟರೆ ಮಾತ್ರ ಸಾಲದು, ಆದ ಕೆಲಸವನ್ನು ಲೆಕ್ಕಕ್ಕೆ ಹಿಡಿಯಬೇಕು. ನಮ್ಮ ತಲೆಯಲ್ಲಿ ಖರ್ಚಿನ ಪುಟ ಮಾತ್ರ ಇದೆ, ಜಮಾ ಪುಟವೇ ಇಲ್ಲ. ಬಾಕಿ ಉಳಿದದ್ದು ಮಲಗುವಾಗ ತಾನಾಗಿಯೇ ನೆನಪಾಗುತ್ತದೆ. ಆದದ್ದನ್ನು ನಾವೇ ಕೂತು ನೆನಪಿಸಿಕೊಳ್ಳಬೇಕು.

ಮಲಗುವ ಮೊದಲು ಐದು ನಿಮಿಷ. ಮೂರು ಜಮಾ, ಒಂದು ಕಮ್ಮಿ. ಕೆಳಗೆ ಗೆರೆ. ನನ್ನ ಪುಸ್ತಕದ ಕಳೆದ ವಾರದ ಒಂದು ಪುಟ:

ಜಮಾ: ಬ್ಯಾಂಕಿಗೆ ಹೋಗಿ ಅತ್ತೆಯ ಪಾಸ್‌ಬುಕ್ ಎಂಟ್ರಿ ಮಾಡಿಸಿದೆ.
ಜಮಾ: ಒತ್ತಕ್ಷರದ ಪಾಠಕ್ಕೆ ಆರು ಪದ ಆರಿಸಿದೆ.
ಜಮಾ: ಮಗಳು ಹಾಲು ಚೆಲ್ಲಿದಾಗ ರೇಗಲಿಲ್ಲ.
ಕಮ್ಮಿ: ಒಣಗಿದ ಬಟ್ಟೆ ಮಡಚಿಲ್ಲ.

ಕೆಲವು ನಿಯಮ ಇವೆ. ‘ಚೆನ್ನಾಗಿ ಕೆಲಸ ಮಾಡಿದೆ’ ಅಂತ ಬರೆಯುವ ಹಾಗಿಲ್ಲ, ಏನು ಮಾಡಿದೆ ಅಂತ ಬರೆಯಬೇಕು, ಬೇರೆಯವರು ಓದಿದರೂ ಕಣ್ಣಿಗೆ ಕಟ್ಟುವಂತಿರಬೇಕು. ಜಮಾ ಸಾಲಿನಲ್ಲಿ ‘ಆದರೆ’ ಅನ್ನುವ ಪದ ಬರಬಾರದು. ‘ಪಾಸ್‌ಬುಕ್ ಮಾಡಿಸಿದೆ, ಆದರೆ ತಡವಾಯ್ತು’ ಅಂತ ಬರೆದರೆ ಅದು ಜಮಾ ಅಲ್ಲ. ಕಮ್ಮಿ ಸಾಲು ಒಂದೇ, ಅದಕ್ಕೆ ಕಾರಣ ಬರೆಯುವಂತಿಲ್ಲ, ಬೈದುಕೊಳ್ಳುವಂತೆಯೂ ಇಲ್ಲ. ಅಪ್ಪ ‘ಕಮ್ಮಿ 12’ ಅಂತ ಬರೆದ ಹಾಗೆ.

ಇದು ಸುಮ್ನೆ ಸಮಾಧಾನಕ್ಕೆ ಮಾಡುವುದಲ್ಲ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ತೆರೇಸಾ ಅಮಾಬಿಲೆ, ಸ್ಟೀವನ್ ಕ್ರೇಮರ್ ಜೊತೆಗೂಡಿ, 7 ಕಂಪನಿಗಳ 238 ಜನರಿಂದ ದಿನಚರಿ ಬರೆಸಿ ಸುಮಾರು 12,000 ಪುಟ್ಟ ಬರಹಗಳನ್ನು ಓದಿದರು. 2011ರಲ್ಲಿ ಅವರು ಪ್ರಕಟಿಸಿದ ಪ್ರಕಾರ, ಜನ ಉತ್ಸಾಹದಿಂದ ಇದ್ದ ದಿನಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಂಡದ್ದು, ತಮಗೆ ಅರ್ಥವಿದೆ ಅನಿಸುವ ಕೆಲಸದಲ್ಲಿ ಒಂದು ಹೆಜ್ಜೆ ಮುಂದೆ ಹೋದದ್ದು. ಆ ಹೆಜ್ಜೆ ಚಿಕ್ಕದಾಗಿದ್ದ ದಿನಗಳಲ್ಲೂ ಹಾಗೇ.

ತಿಂಗಳ ಕೊನೆಯ ಭಾನುವಾರ ಆ ತಿಂಗಳ ಜಮಾ ಸಾಲುಗಳನ್ನು ಮಾತ್ರ ಗಟ್ಟಿಯಾಗಿ ಓದಿ. ತೊಂಬತ್ತು ಸಾಲು ಇರುತ್ತವೆ. ಮೊದಲ ಸಲ ಓದುವಾಗ ನನಗೆ ಗಂಟಲು ಕಟ್ಟಿತು. ಏನೂ ಮಾಡಲಿಲ್ಲ ಅಂದುಕೊಂಡಿದ್ದ ತಿಂಗಳು ಅದು.

ಯಾರಾದರೂ ಹೊಗಳಿದರೆ

ಊರಿಂದ ನೆಂಟರು ಬಂದಿದ್ದಾರೆ, ಪತ್ರೊಡೆ ಮಾಡಿದ್ದೀರಿ. ಬೆಳಿಗ್ಗೆ ಎದ್ದು ಅಕ್ಕಿ ಮಸಾಲೆ ರುಬ್ಬಿ, ಒಂದೊಂದೇ ಕೆಸುವಿನ ಎಲೆಗೆ ಹಚ್ಚಿ, ಸುತ್ತಿ, ಬೇಯಿಸಿ. ಅವರು ಇನ್ನೂ ಬಾಯಿಗಿಟ್ಟಿಲ್ಲ, ಅಷ್ಟರಲ್ಲೇ ನಾವು ಶುರು: “ಈ ಸಲ ಸ್ವಲ್ಪ ಗಟ್ಟಿಯಾಯ್ತು. ಇಲ್ಲಿ ಮರಾಠಿಯವರ ಅಳುವಡಿಗೆ ಅಂತ ಮಾರುವ ಎಲೆಯೇ ಸಿಗುವುದು, ಊರಿನ ಎಲೆಯ ರುಚಿ ಎಲ್ಲಿ?” ಅವರು ಚೆನ್ನಾಗಿದೆ ಅಂದರೂ “ಅಯ್ಯೋ, ಏನಿಲ್ಲ, ಹುಳಿ ಜಾಸ್ತಿ ಆಗಿದೆ” ಅನ್ನುತ್ತೇವೆ. ಬೇರೆಯವರು ಕೊರತೆ ಹುಡುಕುವ ಮೊದಲು ನಾವೇ ತೋರಿಸಿಬಿಟ್ಟರೆ ಪೆಟ್ಟು ಕಮ್ಮಿ ಅಂತ ಲೆಕ್ಕಾಚಾರ. ಆದರೆ ಆ ಪೆಟ್ಟನ್ನು ಕೊಡುವವರೂ ನಾವೇ. ಪ್ರೀತಿಯಿಂದ ಹೊಗಳಿದವರ ಮಾತನ್ನೂ ವಾಪಸ್ ಕಳಿಸಿದ ಹಾಗಾಯ್ತು.

ನಮ್ಮಲ್ಲಿ ತನ್ನ ಕೆಲಸವನ್ನು ತಾನೇ ಮೆಚ್ಚಿಕೊಂಡರೆ ಜಂಬ ಅಂತಾರೆ. ದೃಷ್ಟಿ ತಾಗುತ್ತೆ ಅಂತಾರೆ. ನಾನು ತುಂಬಾ ಯೋಚಿಸಿ ನೋಡಿದ್ದೇನೆ, ಜಂಬವೂ ಹೆಮ್ಮೆಯೂ ಬೇರೆ ಬೇರೆ. ಜಂಬಕ್ಕೆ ಎದುರುಗಡೆ ನಮಗಿಂತ ಚಿಕ್ಕವರಾಗಿ ಕಾಣುವ ಯಾರಾದರೂ ಬೇಕು. ಹೆಮ್ಮೆಗೆ ಯಾರೂ ಬೇಡ. ರಾತ್ರಿ ಪಾತ್ರೆ ತೊಳೆದಿಟ್ಟು, ಒಲೆ ಕಟ್ಟೆ ಒರೆಸಿ, ಲೈಟ್ ಆರಿಸುವ ಮೊದಲು ಒಂದು ಕ್ಷಣ ಅಡುಗೆಮನೆಯನ್ನು ನೋಡಿ ನಿಲ್ಲುತ್ತೇವಲ್ಲ, ಅದು ಹೆಮ್ಮೆ.

ಅಭ್ಯಾಸ ಹೀಗೆ. ಯಾರಾದರೂ ಚೆನ್ನಾಗಿದೆ ಅಂದಾಗ “ನಿಮಗೆ ಇಷ್ಟವಾಯ್ತಲ್ಲ, ಖುಷಿಯಾಯ್ತು” ಅಂತ ಹೇಳಿ, ಬಾಯಿ ಮುಚ್ಚಿಕೊಳ್ಳಿ. ನಾಲಿಗೆಯ ತುದಿಗೆ ಹುಳಿಯ ವಿಷಯ ಬರುತ್ತದೆ. ನೀರು ಕುಡಿಯಿರಿ. ಇನ್ನೂ ಹೇಳಲೇಬೇಕು ಅನಿಸಿದರೆ ಮಾಡಿದ ಬಗೆಯನ್ನು ಹೇಳಿ: “ಎಲೆ ಆರಿಸೋಕೇ ಅರ್ಧ ಗಂಟೆ ಆಯ್ತು ಅತ್ತೆ.” ಅದರಲ್ಲಿ ದೂರೂ ಇಲ್ಲ, ಜಂಬವೂ ಇಲ್ಲ.

ಮಕ್ಕಳ ವಿಷಯಕ್ಕೆ

ಮಗ ತೊಂಬತ್ತೈದು ತಂದಾಗ ‘ಉಳಿದ ಐದು ಎಲ್ಲಿ ಹೋಯ್ತು?’ ಅನ್ನುವ ಮಾತನ್ನು ದಯವಿಟ್ಟು ಬಿಟ್ಟುಬಿಡಿ. ನಗುತ್ತಾ ಹೇಳಿದರೂ ಬೇಡ. ಥಾಮಸ್ ಕರನ್ ಮತ್ತು ಆಂಡ್ರ್ಯೂ ಹಿಲ್ ಅನ್ನುವ ಸಂಶೋಧಕರು 1989ರಿಂದ 2016ರವರೆಗಿನ ಅಮೆರಿಕ, ಕೆನಡಾ, ಬ್ರಿಟನ್‌ನ 40,000ಕ್ಕೂ ಹೆಚ್ಚು ಕಾಲೇಜು ವಿದ್ಯಾರ್ಥಿಗಳ ಉತ್ತರಗಳನ್ನು ಒಟ್ಟು ಹಾಕಿ ನೋಡಿದಾಗ, ಮೇಲೆ ಹೇಳಿದ ಮೂರೂ ಬಗೆ ಏರುತ್ತಾ ಬಂದಿದ್ದವು. ಎಲ್ಲಕ್ಕಿಂತ ಜಾಸ್ತಿ ಏರಿದ್ದು ಮೂರನೆಯದೇ, ಬೇರೆಯವರು ನನ್ನಿಂದ ತಪ್ಪಿಲ್ಲದ್ದನ್ನೇ ಬಯಸುತ್ತಾರೆ ಅನ್ನುವುದು. ಲೆಕ್ಕ ಅಲ್ಲಿಯದ್ದಾದರೂ, ಇಲ್ಲಿಯ ಟ್ಯೂಷನ್ ಕ್ಲಾಸುಗಳ ಮೆಟ್ಟಿಲ ಮೇಲೆ ಕೂತ ಮಕ್ಕಳ ಮುಖ ನೋಡಿದವರಿಗೆ ಅದು ದೂರದ ಮಾತು ಅನಿಸುವುದಿಲ್ಲ.

ಅಂಕಪಟ್ಟಿ ಕೈಗೆ ಬಂದಾಗ ಕೇಳಬೇಕಾದ್ದು: “ಇದರಲ್ಲಿ ನಿನಗೆ ಯಾವ ಉತ್ತರ ಬರೆದದ್ದು ಖುಷಿ ಕೊಡ್ತು?” ತಪ್ಪಾದದ್ದರ ಮಾತು ನಾಳೆ ಆಡಬಹುದು. ನಿಮ್ಮ ತಪ್ಪುಗಳನ್ನೂ ಮಕ್ಕಳ ಎದುರಿಗೇ ಹೇಳಿ. “ಇವತ್ತು ಆಫೀಸಲ್ಲಿ ಹೀಗೆ ತಪ್ಪಿದೆ, ಹೀಗೆ ಸರಿ ಮಾಡಿದೆ” ಅಂತ ಊಟದ ಹೊತ್ತಿಗೆ ಹೇಳಿದರೆ ಅದೇ ಪಾಠ.

ಇದು ನಮ್ಮ ಕೈಮೀರಿದಾಗ

ಬಾಗಿಲು ಹಾಕಿದ್ದೇನಾ ಅಂತ ಸ್ಟೇಷನ್‌ನಿಂದ ದಿನಾ ವಾಪಸ್ ಬರುವುದು, ಕೈ ತೊಳೆದದ್ದು ಸಾಲದು ಅಂತ ಚರ್ಮ ಒಡೆಯುವವರೆಗೆ ತೊಳೆಯುವುದು, ಊಟ ಬಿಡುವುದು, ವಾರಗಟ್ಟಲೆ ನಿದ್ದೆ ಇಲ್ಲದಿರುವುದು, ನಾನು ಇರುವುದೇ ವ್ಯರ್ಥ ಅನಿಸುವುದು. ಇವು ಚೀಟಿ ಬರೆದು ನೀಗುವ ಕಷ್ಟಗಳಲ್ಲ. ವೈದ್ಯರ ಹತ್ತಿರ ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 2022ರ ಅಕ್ಟೋಬರ್‌ನಿಂದ ಇದೆ, ನಂಬರ್ 14416. ದಿನದ 24 ಗಂಟೆಯೂ ಇರುತ್ತದೆ, ಕರೆಗೆ ದುಡ್ಡಿಲ್ಲ, ಹಲವು ಭಾರತೀಯ ಭಾಷೆಗಳಲ್ಲಿ ಮಾತಾಡಬಹುದು. ಹಲ್ಲು ನೋವಿಗೆ ಹೋಗುವಷ್ಟೇ ಸಹಜವಾಗಿ ಇದಕ್ಕೂ ಹೋಗಬೇಕು.

ಒಂದು ದಿನ ತಪ್ಪಿದರೆ

ತಪ್ಪೇ ತಪ್ಪುತ್ತದೆ. ಹಬ್ಬ ಬರುತ್ತದೆ, ಜ್ವರ ಬರುತ್ತದೆ, ಟ್ರೇನ್ ತಡವಾಗಿ ಮನೆಗೆ ಬರುವಾಗ ಹನ್ನೆರಡಾಗುತ್ತದೆ. ನಾಲ್ಕು ದಿನ ಪುಸ್ತಕ ತೆರೆಯಲಾಗದಿದ್ದರೆ, ಐದನೇ ದಿನ ಕೂತು ಹಳೆಯ ನಾಲ್ಕನ್ನೂ ನೆನಪಿಸಿಕೊಂಡು ತುಂಬಿಸಲು ಹೋಗಬೇಡಿ. ಅಭ್ಯಾಸ ನಿಂತು ಹೋಗುವುದು ಅಲ್ಲೇ. ಖಾಲಿ ಬಿಡಿ. ಹೊಸ ತಾರೀಖು ಹಾಕಿ.

ಹೋಟೆಲ್ ಕೈ ಬದಲಾದಾಗ ಹಳೆಯ ಕಿರ್ದಿ ಪುಸ್ತಕಗಳನ್ನೆಲ್ಲ ರದ್ದಿಗೆ ಹಾಕುತ್ತಿದ್ದರು. ಅಪ್ಪ ಒಂದನ್ನು ಕೇಳಿಕೊಂಡು ಮನೆಗೆ ತಂದರು, 2005ರದ್ದು. ಆ ವರ್ಷ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಬಿದ್ದಿತ್ತು. ಮಾಟುಂಗಾದ ಕಿಂಗ್ಸ್ ಸರ್ಕಲ್ ಕಡೆ ಯಾವ ಮಳೆಗೂ ನೀರು ನಿಲ್ಲುತ್ತದೆ, ಅವತ್ತು ಕೇಳಬೇಕಾ? ಅಪ್ಪ ಮನೆಗೆ ಬರಲಿಲ್ಲ. ದಾರಿಯಲ್ಲಿ ಸಿಕ್ಕಿಬಿದ್ದವರಿಗೆ ಹೋಟೆಲಿನಲ್ಲಿ ಇದ್ದಷ್ಟು ಹಾಲು ಮುಗಿಯುವ ತನಕ ಚಹಾ ಕೊಟ್ಟರಂತೆ. ಯಾರು ಕೊಟ್ಟರು, ಯಾರು ಕೊಡಲಿಲ್ಲ, ಎಷ್ಟು ನೋಟು ನೆನೆಯಿತು, ಯಾವುದಕ್ಕೂ ಲೆಕ್ಕವಿಲ್ಲ. ಒಂದೊಂದು ರೂಪಾಯಿಗೂ ಉತ್ತರ ಕೊಡುತ್ತಿದ್ದ ಮನುಷ್ಯ ಅವರು.

ಆ ಪುಟದ ಅಂಚು ಈಗಲೂ ಕಂದು ಬಣ್ಣಕ್ಕೆ ಮುದುಡಿಕೊಂಡಿದೆ. ಅಪ್ಪನ ದುಂಡು ಅಕ್ಷರದಲ್ಲಿ ‘26: ನೀರು. ಲೆಕ್ಕ ಇಲ್ಲ’ ಅಂತ ಇದೆ. ‘27: ಲೆಕ್ಕ ಇಲ್ಲ.’ ಅದರ ಕೆಳಗೆ ಸ್ಕೇಲ್ ಇಟ್ಟು ಎಳೆದ ಗೆರೆ. ಗೆರೆಯ ಕೆಳಗೆ ‘28: ಕೈಯಲ್ಲಿದ್ದ ಶಿಲ್ಕು’ ಅಂತ ಎಣಿಸಿ ಬರೆದ ಒಂದು ಮೊತ್ತ, ಅದರ ಕೆಳಗೆ ‘ಬೋಣಿ: ಚಹಾ 2’.